ನಿಧಾನವಾಗಿ ಬಂಡೆ ಹತ್ತಬೇಕಾದ ಹಳೆಯ ಯೆಜ್ಡಿ

ಮೈಸೂರಿನಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಬೈಕನ್ನು ಮತ್ತೆ ಓಡುವಂತೆ ಮಾಡುವ ಮಾತು ಬಂದಾಗ ಹೆಚ್ಚಿನವರ ಚರ್ಚೆ ಬಣ್ಣ, ಕ್ರೋಮ್ ಮತ್ತು ಟ್ಯಾಂಕಿನ ಗೆರೆಗಳ ಸುತ್ತಲೇ ನಡೆಯುತ್ತದೆ. ಆ ಕೆಲಸಕ್ಕೂ ಕೌಶಲ ಬೇಕು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನಾನು ನಂಬಿರುವ ಪರೀಕ್ಷೆಯೇ ಬೇರೆ. ಗಾಡಿಯನ್ನು ಮೊದಲ ಗೇರಿನಲ್ಲಿ ಮನುಷ್ಯ ನಡೆಯುವ ವೇಗಕ್ಕೆ ಇಳಿಸಿ, ಕಲ್ಲುಗಳ ನಡುವೆ ಹದಿನೈದು ನಿಮಿಷ ನಡೆಸಿದಾಗಲೂ ಇಂಜಿನ್ ಕೆಮ್ಮದೆ, ಅದರ ವೇಗ ತಾನಾಗಿ ಏರದೆ, ಆರಿಹೋಗದೆ ಎಳೆಯುತ್ತಿದ್ದರೆ ಮಾತ್ರ ಅದು ನಿಜವಾಗಿ ಸರಿಯಾಗಿದೆ ಎಂದು ಹೇಳಬಹುದು. ಹೆದ್ದಾರಿಯಲ್ಲಿ ಅರವತ್ತರ ವೇಗದಲ್ಲಿ ಸಾಗುವಾಗ ಅಡಗಿಕೊಳ್ಳುವ ಹತ್ತಾರು ದೋಷಗಳು ಈ ವೇಗದಲ್ಲಿ ಒಂದೊಂದಾಗಿ ಹೊರಗೆ ಬರುತ್ತವೆ.

ಈ ಅಳತೆಗೋಲು ಟ್ರಯಲ್ಸ್ ಎಂಬ ಕ್ರೀಡೆಯಿಂದ ಬಂದದ್ದು. ಅದು ವೇಗದ ಸ್ಪರ್ಧೆಯಲ್ಲ. ಬಂಡೆ, ಕೆಸರು, ತೊರೆ ಮತ್ತು ಕಡಿದಾದ ದಿಬ್ಬಗಳ ನಡುವೆ ಗುರುತು ಮಾಡಿದ ಚಿಕ್ಕ ಹಾದಿಯನ್ನು ಕಾಲು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ಅಂಕ ದಂಡ, ಹಾದಿಯನ್ನು ಪೂರ್ಣಗೊಳಿಸಲಾಗದಿದ್ದರೆ ಐದು ಅಂಕ, ಕೊನೆಗೆ ಕಡಿಮೆ ಅಂಕ ಪಡೆದವರು ಗೆದ್ದಂತೆ. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್‌ನಲ್ಲಿ 1965ರಲ್ಲಿ ಸವಾರ ಸ್ಯಾಮಿ ಮಿಲ್ಲರ್ ಸ್ಪೇನಿನ ಬುಲ್ಟಾಕೊ ಶೆರ್ಪಾ ಬೈಕಿನಲ್ಲಿ ಗೆದ್ದ ಮೇಲೆ ಈ ಕ್ರೀಡೆ ಹಗುರವಾದ ಟೂ ಸ್ಟ್ರೋಕ್ ಯಂತ್ರಗಳ ಕಡೆಗೆ ತಿರುಗಿತು. ಮುಂದೆ ಟ್ರಯಲ್ಸ್ ಸವಾರ ಮಿಕ್ ಆಂಡ್ರ್ಯೂಸ್ ಅವರ ನೆರವಿನಿಂದ ಯಮಹಾ ತನ್ನ ಟಿವೈ ಎಂಬ ಟ್ರಯಲ್ಸ್ ಬೈಕುಗಳ ಸರಣಿಯನ್ನು ರೂಪಿಸಿತು; 1975ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆರಂಭವಾದಾಗ ಅದರ ಮೊದಲ ವಿಜೇತರಾದ ಮಾರ್ಟಿನ್ ಲ್ಯಾಂಪ್‌ಕಿನ್ ಓಡಿಸಿದ್ದೂ ಬುಲ್ಟಾಕೊ ಬೈಕನ್ನೇ. ಆ ಯಂತ್ರಗಳು ನಮ್ಮ ಊರುಗಳಲ್ಲಿ ಸಿಗುವಂಥವಲ್ಲ. ನಮ್ಮ ಕೈಗೆ ಸಿಗುವುದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು. 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ಆ ಕಾರ್ಖಾನೆ ಈ ಊರಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು, ಎಷ್ಟೋ ಕೈಗಳಿಗೆ ಯಂತ್ರದ ಜ್ಞಾನವನ್ನೂ ಕೊಟ್ಟಿತು.

ಯೆಜ್ಡಿ 250 ಟ್ರಯಲ್ಸ್‌ಗೆಂದು ಹುಟ್ಟಿದ ಗಾಡಿಯಲ್ಲ. ಅದರ ತೂಕ ಹೆಚ್ಚು, ನೆಲದಿಂದ ಎತ್ತರ ಕಡಿಮೆ, ನಾಲ್ಕೇ ಗೇರು. ಆದರೂ ನಿಧಾನದ ಕೆಲಸಕ್ಕೆ ಒದಗುವ ಒಂದು ಮುಖ್ಯ ಗುಣ ಅದರ ಇಂಜಿನ್‌ನಲ್ಲಿದೆ. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ಉದ್ದ 75 ಮಿ.ಮೀ.; ಯಮಹಾ ಟಿವೈ 175ರಲ್ಲಿ ಇದೇ ಲೆಕ್ಕ ತಿರುಗುಮುರುಗಾಗಿದ್ದು, ವ್ಯಾಸ 66, ಉದ್ದ 50. ಉದ್ದವಾದ ಸ್ಟ್ರೋಕ್ ಮತ್ತು ಭಾರವಾದ ಕ್ರ್ಯಾಂಕ್ (ಪಿಸ್ಟನ್ನಿನ ಓಟವನ್ನು ಸುತ್ತುವಿಕೆಯಾಗಿ ಬದಲಿಸುವ ಭಾಗ) ಎರಡೂ ಸೇರಿದಾಗ ಯೆಜ್ಡಿ ಕಡಿಮೆ ಸುತ್ತಿನಲ್ಲೇ ಗಟ್ಟಿಯಾಗಿ ಎಳೆಯುತ್ತದೆ. ಪಾಂಡವಪುರದ ಬಳಿ ನಮ್ಮ ಚಿಕ್ಕಪ್ಪನವರ ಜಮೀನಿನ ಅಂಚಿನಲ್ಲಿ ಬಂಡೆಗಳ ಸಾಲೊಂದಿದೆ; ನನ್ನ ಪ್ರಯೋಗಗಳೆಲ್ಲ ಅಲ್ಲಿಯೇ. ಬೆಟ್ಟಗಳ ಅರಣ್ಯ ಪ್ರದೇಶದೊಳಗೆ ಗಾಡಿ ನುಗ್ಗಿಸುವುದು ಕಾನೂನಿಗೂ ಕಾಡಿಗೂ ಒಪ್ಪುವ ಕೆಲಸವಲ್ಲ. ಸ್ವಂತದವರ ಅಥವಾ ಒಪ್ಪಿಗೆ ಕೊಟ್ಟವರ ಜಮೀನು ಇದ್ದರೆ ಮಾತ್ರ ಈ ಹವ್ಯಾಸಕ್ಕೆ ಇಳಿಯಬೇಕು.

ಇನ್ನು ದೋಷ ಹುಡುಕುವ ವಿಷಯಕ್ಕೆ ಬರುತ್ತೇನೆ. ಗಾಡಿ ನಿಧಾನದಲ್ಲಿ ಸರಿಯಾಗಿ ಓಡದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕಾರ್ಬುರೇಟರ್ ಕಡೆಗೆ. ಅದು ಹೊರಗೇ ಕಾಣುತ್ತದೆ, ಬಿಚ್ಚಲು ಸುಲಭ, ತೊಳೆದರೆ ಏನೋ ಕೆಲಸ ಮಾಡಿದ ಸಮಾಧಾನ ಸಿಗುತ್ತದೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಬೀದಿಯ ಹಿರಿಯರೊಬ್ಬರು ನನಗೆ ಕಲಿಸಿದ ಕ್ರಮ ಇದಕ್ಕೆ ವಿರುದ್ಧವಾದದ್ದು. "ನೋಡಪ್ಪ, ಮೊದಲು ಬೆಂಕಿ ನೋಡು, ಆಮೇಲೆ ಗಾಳಿ ನೋಡು, ಪೆಟ್ರೋಲು ಕೊನೆಗೆ" ಎಂದು ಅವರು ಹೇಳುತ್ತಿದ್ದರು. ಕಾರ್ಬುರೇಟರಿನ ತಿರುಪುಗಳನ್ನು ಮೊದಲೇ ತಿರುಗಿಸಿಬಿಟ್ಟರೆ ಬೇರೆಲ್ಲೋ ಇರುವ ದೋಷಕ್ಕೆ ಅಲ್ಲಿ ತಾತ್ಕಾಲಿಕ ಮರೆ ಸಿಗುತ್ತದೆ, ಆಮೇಲೆ ಮೂಲ ಕಾರಣವನ್ನು ಹಿಡಿಯುವುದು ಇನ್ನಷ್ಟು ಕಷ್ಟವಾಗುತ್ತದೆ. ಆ ಕ್ರಮವನ್ನೇ ನಾನು ಇಂದಿಗೂ ಅನುಸರಿಸುತ್ತೇನೆ.

ಬೆಂಕಿ ಎಂದರೆ ಪ್ಲಗ್ಗಿನ ಕಿಡಿ. ಡೈನಮೋ ಇರುವ ಹಳೆಯ ಮಾದರಿಗಳಲ್ಲಿ ಬಲಗಡೆಯ ಮುಚ್ಚಳ ತೆಗೆದರೆ ಪಾಯಿಂಟ್ (ಕಿಡಿಯ ಕ್ಷಣವನ್ನು ನಿರ್ಧರಿಸುವ ಸ್ವಿಚ್) ಮತ್ತು ಕಂಡೆನ್ಸರ್ (ಆ ಸ್ವಿಚ್ಚಿನ ನಡುವೆಯೇ ಕಿಡಿ ಹಾರದಂತೆ ತಡೆಯುವ ಭಾಗ) ಕಾಣುತ್ತವೆ. ಪಾಯಿಂಟಿನ ಎರಡೂ ಮುಖಗಳು ಸಮತಟ್ಟಾಗಿ, ಎಣ್ಣೆಯಿಲ್ಲದೆ ಸ್ವಚ್ಛವಾಗಿರಬೇಕು. ಪೂರ್ತಿ ತೆರೆದಾಗ ನಡುವಿನ ಅಂತರ 0.4 ಮಿ.ಮೀ. ಆಸುಪಾಸಿನಲ್ಲಿರಬೇಕು. ಅಂತರವನ್ನು ಬದಲಿಸಿದರೆ ಕಿಡಿ ಹೊಡೆಯುವ ಸಮಯವೂ ಬದಲಾಗುತ್ತದೆಯಾದ್ದರಿಂದ ಅಂತರವನ್ನು ಮೊದಲು ಸರಿಪಡಿಸಿ, ಪ್ಲಗ್ಗಿನ ರಂಧ್ರದಲ್ಲಿ ಪಿಸ್ಟನ್ನಿನ ಸ್ಥಾನ ಅಳೆಯುವ ಡಯಲ್ ಗೇಜ್ ಇಟ್ಟು ಕಿಡಿಯ ಸಮಯವನ್ನು (ಟೈಮಿಂಗ್) ಆಮೇಲೆ ನೋಡಬೇಕು. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಶುರುವಾಗಿ, ಕಾದ ಮೇಲೆ ಮುಗ್ಗರಿಸಿ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಗುವ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಕಂಡೆನ್ಸರನ್ನು. ಸಂಜೆಗತ್ತಲಿನಲ್ಲಿ ಮುಚ್ಚಳ ತೆಗೆದು ಇಂಜಿನ್ ಓಡಿಸಿದಾಗ ಪಾಯಿಂಟಿನ ನಡುವೆ ದಪ್ಪನೆಯ ಕಿಡಿ ಹಾರುತ್ತಿದ್ದರೆ ಅನುಮಾನ ಬಲವಾಗುತ್ತದೆ. ಹಳೆಯ ದಾಸ್ತಾನಿನ ಕಂಡೆನ್ಸರ್ ಹೊಸ ಡಬ್ಬಿಯಲ್ಲಿದ್ದರೂ ಒಳಗೆ ಹಾಳಾಗಿರಬಹುದು. ಹೀಗಾಗಿ ಹೊಸದು ಹಾಕಿದ ಮೇಲೂ ಇದೇ ಪರೀಕ್ಷೆಯನ್ನು ಮಾಡುವುದು ಒಳ್ಳೆಯದು.

ನಿಧಾನದ ಸವಾರಿಗೆ ಮಾತ್ರ ಸೇರಿದ ಇನ್ನೊಂದು ದೋಷವಿದೆ. ರಸ್ತೆಯಲ್ಲಿ ಓಡಿಸುವವರಿಗೆ ಇದು ಗಮನಕ್ಕೇ ಬರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಟ್ರಯಲ್ಸ್ ಬೈಕುಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ತನ್ನು ಫ್ಲೈವೀಲ್ ಮ್ಯಾಗ್ನೆಟೋ ತಾನೇ ಹುಟ್ಟಿಸುತ್ತದೆ, ಬ್ಯಾಟರಿಯ ಹಂಗಿಲ್ಲ. ನಮ್ಮ ಹಳೆಯ ಯೆಜ್ಡಿಯಲ್ಲಿ ಕಿಡಿಯ ಮೂಲವೇ 6 ವೋಲ್ಟಿನ ಬ್ಯಾಟರಿ. ಇಂಜಿನ್ ಕಡಿಮೆ ಸುತ್ತಿನಲ್ಲಿರುವಾಗ ಡೈನಮೋ ಚಾರ್ಜ್ ಮಾಡುವುದಿಲ್ಲ, ಆದರೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಮಾತ್ರ ಬ್ಯಾಟರಿಯನ್ನು ಹೀರುತ್ತಲೇ ಇರುತ್ತದೆ. ಬಂಡೆಗಳ ನಡುವೆ ಬಹಳ ಹೊತ್ತು ತೆವಳಿದ ಮೇಲೆ ಕಿಡಿ ಬಡವಾಗಿ, ಗಾಡಿ ಏರಿನಲ್ಲಿ ತಡವರಿಸತೊಡಗುತ್ತದೆ; ಸವಾರ ಅದನ್ನು ಪೆಟ್ರೋಲಿನ ತೊಂದರೆ ಎಂದುಕೊಂಡು ಕಾರ್ಬುರೇಟರಿನ ಜೆಟ್ (ಪೆಟ್ರೋಲನ್ನು ಅಳತೆಗೆ ಹರಿಸುವ ರಂಧ್ರದ ತುಂಡು) ಬದಲಿಸಲು ಕೂರುತ್ತಾನೆ. ತಡವರಿಸಿದ ಕೂಡಲೇ ಬ್ಯಾಟರಿಯ ತುದಿಗಳಿಗೆ ಮೀಟರ್ ಹಿಡಿದು ನೋಡಿದರೆ ಗೊಂದಲವೇ ಉಳಿಯುವುದಿಲ್ಲ. 12 ವೋಲ್ಟಿನ ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಬದಲಿಸುವವರೂ ಇದ್ದಾರೆ, ಅದು ಕೆಲಸವನ್ನೂ ಮಾಡುತ್ತದೆ. ನಾನು ಮೂಲ ವ್ಯವಸ್ಥೆಯನ್ನೇ ಉಳಿಸಿಕೊಂಡಿದ್ದೇನೆ: ಒಳ್ಳೆಯ ಬ್ಯಾಟರಿ, ಹೊರಡುವ ಹಿಂದಿನ ರಾತ್ರಿ ಪೂರ್ತಿ ಚಾರ್ಜ್, ಬಂಡೆಯ ಕೆಲಸದ ಹೊತ್ತಿನಲ್ಲಿ ದೀಪಗಳೆಲ್ಲ ಆಫ್.

ಗಾಳಿ ಎಂದರೆ ಸೋರಿಕೆ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್ ಕೋಣೆಯೇ ಪಂಪಿನ ಕೆಲಸ ಮಾಡುವುದರಿಂದ ಅದು ಗಾಳಿಯಾಡದಷ್ಟು ಭದ್ರವಾಗಿರಬೇಕು. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಡೈನಮೋ ಇರುವ ಬಲಗಡೆಯ ಸೀಲ್ ಸೋತರೆ ಕಾರ್ಬುರೇಟರಿನ ಲೆಕ್ಕಕ್ಕೆ ಸೇರದ ಗಾಳಿ ಒಳಗೆ ನುಗ್ಗುತ್ತದೆ. ಥ್ರಾಟಲ್ ಬಿಟ್ಟರೂ ಇಂಜಿನ್ ಇಳಿಯದೆ ಕೂಗುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಳ್ಳುವ ಅಪಾಯವೂ ಇದೆ. ಎಡಗಡೆಯಲ್ಲಿ ಪ್ರೈಮರಿ ಚೈನು ಮತ್ತು ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಬದಿಯ ಸೀಲ್ ಸೋತರೆ ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಸುಡುತ್ತದೆ. ಕಾದ ಮೇಲೂ ನಿಲ್ಲದ ಹೊಗೆ, ಒದ್ದೆಯಾದ ಕಪ್ಪು ಪ್ಲಗ್, ಕಾರಣವಿಲ್ಲದೆ ಇಳಿಯುವ ಎಣ್ಣೆಯ ಮಟ್ಟ ಇವು ಅದರ ಗುರುತುಗಳು. ಇಂಥ ಗಾಡಿಗೆ ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಕಡಿಮೆ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಅದು ಅಪಾಯದ ಸಲಹೆ, ಏಕೆಂದರೆ ಹೊಗೆ ಬರುತ್ತಿರುವುದು ಪೆಟ್ರೋಲಿಗೆ ಬೆರೆಸಿದ ಎಣ್ಣೆಯಿಂದಲ್ಲ, ಬೇರಿಂಗುಗಳಿಗೆ ಸಿಗುವ ಒಂದೇ ಒಂದು ರಕ್ಷಣೆಯೆಂದರೆ ಆ ಬೆರೆಸಿದ ಎಣ್ಣೆ.

ಅನುಮಾನವನ್ನು ಖಚಿತಪಡಿಸಿಕೊಳ್ಳಲು ಒತ್ತಡದ ಪರೀಕ್ಷೆಯೇ ಸರಿಯಾದ ದಾರಿ, ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಬಿಪಿ ನೋಡುವ ಉಪಕರಣದ ರಬ್ಬರ್ ಬುರುಡೆ ಮತ್ತು ಗಡಿಯಾರದಂಥ ಮೀಟರ್ ಸಾಕು. ಅದರ ಗರಿಷ್ಠ ಗುರುತಾದ 300 ಮಿ.ಮೀ. ಪಾದರಸವೆಂದರೆ ಹೆಚ್ಚುಕಡಿಮೆ 5.8 ಪಿಎಸ್‌ಐ, ಇಂಥ ಇಂಜಿನ್ನಿಗೆ ಬೇಕಾದ ಒತ್ತಡವೂ ಅಷ್ಟರ ಆಸುಪಾಸಿನದೇ. ಹಳೆಯ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು, ಲೇತ್ ಅಂಗಡಿಯಲ್ಲಿ ಅದಕ್ಕೊಂದು ನಿಪ್ಪಲ್ ಬೆಸೆಸಿ, ಪ್ಲಗ್ಗಿನ ಜಾಗದಲ್ಲಿ ಕೂರಿಸಬೇಕು. ಕಾರ್ಬುರೇಟರ್ ಕೂರುವ ಬಾಯಿಯನ್ನು ತಗಡು ಮತ್ತು ಟ್ಯೂಬಿನ ರಬ್ಬರಿನಿಂದ ಮುಚ್ಚಬೇಕು. ಸೈಲೆನ್ಸರಿನ ಕಡೆಯ ಬಾಯಿಗಳು ಎರಡಿವೆ ಎಂಬುದನ್ನು ಮರೆಯದೆ ಎರಡನ್ನೂ ಮುಚ್ಚಬೇಕು. ಪಿಸ್ಟನ್ನನ್ನು ಕೆಳಗಿನ ತುದಿಗೆ ತಂದರೆ ಮೇಲಿನಿಂದ ಊದಿದ ಗಾಳಿ ಕ್ರ್ಯಾಂಕ್ ಕೋಣೆಗೂ ಹೋಗುತ್ತದೆ. 250ರವರೆಗೆ ಊದಿ, ಐದಾರು ನಿಮಿಷ ಮುಳ್ಳನ್ನು ಗಮನಿಸಬೇಕು. ಮುಳ್ಳು ಸರಸರನೆ ಇಳಿದರೆ ಸೋಪಿನ ನೀರನ್ನು ಸಿಲಿಂಡರಿನ ಬುಡ, ಹೆಡ್ಡಿನ ಸಂದು, ಕೇಸಿಂಗಿನ ಮಧ್ಯದ ಗೆರೆ ಹಾಗೂ ಡೈನಮೋ ಬಿಚ್ಚಿದ ಜಾಗದಲ್ಲಿ ಕ್ರ್ಯಾಂಕಿನ ಸುತ್ತ ಬ್ರಷ್ಷಿನಿಂದ ಹಚ್ಚಿದರೆ ಗುಳ್ಳೆ ಎದ್ದ ಜಾಗವೇ ಸೋರುವ ಜಾಗ. ಮುಚ್ಚಿದ ಬಾಯಿಗಳಲ್ಲೇ ಸೋರುತ್ತಿಲ್ಲ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಪೆಟ್ರೋಲನ್ನು ಓಡುವ ಇಂಜಿನ್ನಿನ ಮೇಲೆ ಚಿಮುಕಿಸಿ ಸೋರಿಕೆ ಹುಡುಕುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಕಾದ ಸೈಲೆನ್ಸರಿನ ಪಕ್ಕದಲ್ಲಿ ಅದನ್ನು ಯಾರೂ ಮಾಡಬಾರದು.

ಈ ಎರಡೂ ಮುಗಿದ ಮೇಲೆ ಕಾರ್ಬುರೇಟರನ್ನು ಮುಟ್ಟಿದರೆ ಕೆಲಸ ಅಚ್ಚರಿಯಾಗುವಷ್ಟು ಚಿಕ್ಕದಾಗಿರುತ್ತದೆ. ಟ್ರಯಲ್ಸ್ ರೀತಿಯ ಸವಾರಿಯೆಲ್ಲ ಥ್ರಾಟಲಿನ ಮೊದಲ ಕಾಲು ಭಾಗದಲ್ಲೇ ನಡೆಯುತ್ತದೆ. ಅಲ್ಲಿ ಆಡಳಿತ ಮಾಡುವುದು ಕಡಿಮೆ ಥ್ರಾಟಲಿನಲ್ಲಿ ಪೆಟ್ರೋಲು ಕೊಡುವ ಪೈಲಟ್ ಜೆಟ್, ಅದರ ತಿರುಪು ಮತ್ತು ಥ್ರಾಟಲಿನೊಂದಿಗೆ ಏರಿಳಿಯುವ ಸ್ಲೈಡಿನ ಕೆಳಗಿನ ಓರೆ ಕಡಿತ. ಮೇನ್ ಜೆಟ್ಟಿಗೆ ಇಲ್ಲಿ ಹೆಚ್ಚಿನ ಪಾತ್ರವಿಲ್ಲ. ಪೈಲಟ್ ಜೆಟ್ಟಿನ ರಂಧ್ರಕ್ಕೆ ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಅಳತೆ ಕೆಡುತ್ತದೆ, ಗಾಳಿಯ ಒತ್ತಡದಿಂದಲೇ ಸ್ವಚ್ಛ ಮಾಡಬೇಕು. ಸ್ಲೈಡ್ ಸವೆದು ಅಲ್ಲಾಡುತ್ತಿದ್ದರೆ ಯಾವ ತಿರುಪನ್ನು ಹೇಗೆ ತಿರುಗಿಸಿದರೂ ಐಡ್ಲಿಂಗ್ ಸ್ಥಿರವಾಗುವುದಿಲ್ಲ. ಆಗ ಬೇರೆ ಕಾರ್ಬುರೇಟರ್ ಹುಡುಕುವುದೇ ಸರಿ.

ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಒಂದು ಮಾತು. ಕಬ್ಬು ಬೆಳೆಯುವ ಮಂಡ್ಯದ ಸೀಮೆಯವರಾದ ನಮಗೆ ಎಥೆನಾಲ್ ಹೊಸದಲ್ಲ, ಆದರೆ ಈ ಗಾಡಿಗಳ ಹಳೆಯ ರಬ್ಬರ್ ಪೈಪು ಮತ್ತು ವಾಷರುಗಳು ಅದನ್ನು ಎಣಿಸಿ ಮಾಡಿದವಲ್ಲ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿನ ತಳದಲ್ಲಿ ಆ ನೀರು ಬೇರ್ಪಟ್ಟು ತುಕ್ಕಿಗೆ ಕಾರಣವಾಗುತ್ತದೆ. ಸವಾರಿ ಮುಗಿದ ಮೇಲೆ ಪೆಟ್ರೋಲಿನ ಕಾಕ್ ಮುಚ್ಚಿ ಕಾರ್ಬುರೇಟರಿನ ಫ್ಲೋಟ್ ಬಟ್ಟಲನ್ನು ಖಾಲಿ ಮಾಡುವುದು, ಇಂಧನದ ಪೈಪು ಮತ್ತು ವಾಷರುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸುವುದು ಅಗತ್ಯ. ಟ್ಯಾಂಕಿನೊಳಗೆ ಈಗಾಗಲೇ ತುಕ್ಕಿದ್ದರೆ ನಿಂಬೆ ಉಪ್ಪಿನ ನೀರನ್ನು ತುಂಬಿ ಒಂದೆರಡು ದಿನ ಬಿಟ್ಟು, ಚೆನ್ನಾಗಿ ತೊಳೆದು, ಕೂಡಲೇ ಒಣಗಿಸಿ, ಎಣ್ಣೆ ಬೆರೆತ ಪೆಟ್ರೋಲನ್ನು ಒಳಗೆಲ್ಲ ಆಡಿಸಿದರೆ ಸಾಕಾಗುತ್ತದೆ.

ಕ್ಲಚ್ಚಿನ ವಿಷಯದಲ್ಲಿ ಜಾವಾ ವಂಶದ ಗಾಡಿಗಳದು ವಿಶೇಷ ಏರ್ಪಾಡು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್, ಗೇರಿನ ಲಿವರ್ ಒತ್ತಿದರೆ ಕೈಯ ಕ್ಲಚ್ ಹಿಡಿಯದೆಯೂ ಕ್ಲಚ್ ಬಿಟ್ಟುಕೊಳ್ಳುತ್ತದೆ. ಬಂಡೆಯ ಮೇಲೆ ನಿಂತು ಓಡಿಸುವಾಗ ಬೂಟು ಆ ಲಿವರಿಗೆ ಸ್ವಲ್ಪ ತಾಗಿದರೂ ಎಳೆತ ತಪ್ಪಿಹೋಗುವುದುಂಟು. ಹಾಗಾಗಿ ಕ್ಲಚ್ಚನ್ನು ಬಿಡಿಸುವ ಪುಶ್ ರಾಡಿನ ಹೊಂದಾಣಿಕೆಯಲ್ಲಿ ಅಗತ್ಯವಾದ ಸಡಿಲವನ್ನು ಬಿಡಬೇಕು. ಕ್ಲಚ್ ಜಾರುತ್ತಿದ್ದರೆ ಕಾರ್ಕ್ ಪ್ಲೇಟುಗಳನ್ನು ದೂರುವ ಮೊದಲು ಯಾವ ಎಣ್ಣೆ ಹಾಕಿದ್ದಾರೆಂದು ನೋಡಬೇಕು. ಕಾರಿಗೆಂದು ಮಾಡಿದ, ಜಾರಿಕೆ ಹೆಚ್ಚಿಸುವ ರಾಸಾಯನಿಕ ಬೆರೆಸಿದ ಎಣ್ಣೆ ಇಲ್ಲಿ ಹೊಂದುವುದಿಲ್ಲ. ಕ್ಲಚ್ ಹಿಡಿದರೂ ಗಾಡಿ ಮುಂದಕ್ಕೆ ತೆವಳುತ್ತಿದ್ದರೆ ಉಕ್ಕಿನ ಪ್ಲೇಟುಗಳನ್ನು ಗಾಜಿನ ಹಲಗೆಯ ಮೇಲಿಟ್ಟು ಬಾಗಿವೆಯೇ ಎಂದು ಪರೀಕ್ಷಿಸಬೇಕು.

ಉಳಿದವು ಬೇಗ ಮುಗಿಯುವ ಕೆಲಸಗಳು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಬುಷ್ ಮತ್ತು ಹ್ಯಾಂಡಲಿನ ಬಾಲ್‌ಗಳಲ್ಲಿ ಅಲ್ಲಾಟ ಇರಬಾರದು, ಚಕ್ರದ ಕಡ್ಡಿಗಳು ಸಮವಾಗಿ ಬಿಗಿದಿರಬೇಕು. ಹಿಂದಿನ ಸ್ಪ್ರಾಕೆಟ್ಟಿಗೆ ಕೆಲವು ಹಲ್ಲು ಹೆಚ್ಚಿಸಿದರೆ ಮೊದಲ ಗೇರು ಇನ್ನಷ್ಟು ನಿಧಾನವಾಗುತ್ತದೆ, ಕ್ಲಚ್ಚಿನ ಮೇಲಿನ ಹೊರೆಯೂ ಇಳಿಯುತ್ತದೆ. ಟ್ರಯಲ್ಸ್ ಟೈರುಗಳಲ್ಲಿ ಗಾಳಿಯ ಒತ್ತಡ 4-5 ಪಿಎಸ್‌ಐವರೆಗೂ ಇಳಿಯುತ್ತದೆ ಎಂದು ಓದಿ ಅದನ್ನು ಸಾಮಾನ್ಯ ಟೈರಿನಲ್ಲಿ ಅನುಸರಿಸಬಾರದು, ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ. ಸೈಲೆನ್ಸರಿನ ಒಳಕೊಳವೆಗಳಲ್ಲಿನ ಮಸಿಯನ್ನು ತೆಗೆಯಬೇಕೇ ಹೊರತು ಕೊಳವೆಗಳನ್ನೇ ತೆಗೆದುಹಾಕಬಾರದು. ತೆಗೆದರೆ ಸದ್ದು ಹೆಚ್ಚುತ್ತದೆ, ನಮಗೆ ಬೇಕಾದ ಕೆಳ ಸುತ್ತಿನ ಎಳೆತವೇ ಕುಗ್ಗುತ್ತದೆ.

ಇಷ್ಟಾದ ಮೇಲೆ ನಾನು ಗಾಡಿಯನ್ನು ಪೂರ್ತಿ ಕಾಯಿಸಿ ಏರಿಗೆ ಒಯ್ಯುತ್ತೇನೆ. ಅರ್ಧ ಏರಿನಲ್ಲಿ ಥ್ರಾಟಲನ್ನು ಬಹುತೇಕ ಮುಚ್ಚಿ, ಇಂಜಿನ್ ಆರುವ ಅಂಚಿಗೆ ಬಂದಾಗ ಮೆಲ್ಲನೆ ತೆರೆಯುತ್ತೇನೆ. ತೆರೆದ ಕ್ಷಣದಲ್ಲಿ ತಡೆದು ಆಮೇಲೆ ಜಿಗಿದರೆ ಪೈಲಟ್ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಿದೆ. ಗೊರಗೊರ ಎಂದು ತಡವಾಗಿ ಸ್ವಚ್ಛವಾದರೆ ಹೆಚ್ಚಾಗಿದೆ. ತಿರುಪನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪ್ರತಿ ಸಲವೂ ಅದೇ ಏರಿನ ಅದೇ ಜಾಗಕ್ಕೆ ಹೋಗಿ ನೋಡಬೇಕು. ನನ್ನ ಗಾಡಿ ಈಗ ಈ ಪರೀಕ್ಷೆಯಲ್ಲಿ ಗೆದ್ದಿದೆ; ಬಾಕಿಯಿರುವುದು ಮುಂದಿನ ಡ್ರಮ್ ಬ್ರೇಕಿನ ಲೈನಿಂಗ್. ಕಾಲುವೆಯ ನೀರು ದಾಟಿದ ಮೇಲೆ ಅದು ಹಿಡಿಯಲು ತಡ ಮಾಡುತ್ತಿದೆ, ಅದನ್ನು ಬದಲಿಸುವವರೆಗೆ ಇಳಿಜಾರಿನ ಹಾದಿಗಳಿಗೆ ಗಾಡಿಯನ್ನು ಇಳಿಸುವುದಿಲ್ಲ.