ಮೂಳೆ ಅಂದ್ರೆ ಕಲ್ಲಲ್ವಾ?

ಹೋದ ವಾರ ಬೋನ್ ಸ್ಕ್ಯಾನಿಗೆ ಒಬ್ಬರು ಅಜ್ಜಿ ಬಂದಿದ್ದರು. ಇಂಜೆಕ್ಷನ್ ಕೊಟ್ಟು, "ಚೆನ್ನಾಗಿ ನೀರು ಕುಡೀರಿ ಅಮ್ಮ, ಮೂರು ಗಂಟೆ ಬಿಟ್ಟು ಸ್ಕ್ಯಾನ್ ಮಾಡ್ತೀವಿ" ಅಂದೆ.

"ಅಷ್ಟೊತ್ತು ಯಾಕಪ್ಪಾ?"

"ಔಷಧಿ ಮೂಳೆಗೆ ಹೋಗಿ ಸೇರಬೇಕಲ್ಲ."

ಅಜ್ಜಿ ನಂಬಲಿಲ್ಲ. "ಮೂಳೆ ಅಂದ್ರೆ ಕಲ್ಲಿದ್ದ ಹಾಗಲ್ವಾ? ಅದರೊಳಗೆ ಹೆಂಗೆ ಹೋಗುತ್ತೆ?"

ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ, ಅಂದರೆ ವಿಕಿರಣ ಸೂಸುವ ಔಷಧಿ ಕೊಟ್ಟು ಸ್ಕ್ಯಾನ್ ಮಾಡುವ ಕಡೆ, ಟೆಕ್ನಾಲಜಿಸ್ಟ್ ಆಗಿ ಹನ್ನೊಂದು ವರ್ಷವಾಯಿತು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು 1935ರಲ್ಲಿ, ಪುಟ್ಟ ದೇಶ ಡೆನ್ಮಾರ್ಕಿನಲ್ಲಿ.

ಉತ್ತರ ಹುಡುಕಿದವರು ರಸಾಯನವಿಜ್ಞಾನಿ ಜಾರ್ಜ್ ಹೆವೆಶಿ. ಹುಟ್ಟಿದ್ದು 1885ರಲ್ಲಿ, ಬುಡಾಪೆಸ್ಟಿನಲ್ಲಿ. 1911ರಲ್ಲಿ ಮ್ಯಾಂಚೆಸ್ಟರಿನ ಭೌತವಿಜ್ಞಾನಿ ರುದರ್‌ಫೋರ್ಡ್ ಅವರ ಲ್ಯಾಬಿಗೆ ಸೇರಿದರು. ಅಲ್ಲಿ ರಾಶಿ ಸೀಸ ಬಿದ್ದಿತ್ತು. ಅದರೊಳಗೆ ರೇಡಿಯಂ-ಡಿ ಅನ್ನುವ ವಿಕಿರಣ ವಸ್ತು ಬೆರೆತಿತ್ತು. ಅದನ್ನು ಬೇರೆ ಮಾಡಿಕೊಡು ಅಂದರು ರುದರ್‌ಫೋರ್ಡ್. ಹೆವೆಶಿ ಏನೇ ಮಾಡಿದರೂ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ. ರೇಡಿಯಂ-ಡಿ ಕೂಡ ಸೀಸವೇ, ತೂಕ ಮಾತ್ರ ಸ್ವಲ್ಪ ಬೇರೆ.

ನನಗೆ ತುಂಬ ಇಷ್ಟವಾಗುವುದು ಆಮೇಲೆ ಅವರು ಯೋಚಿಸಿದ ರೀತಿ. ಬೇರೆಯಾಗುವುದಿಲ್ಲ ಅಂದರೆ, ಸೀಸ ಎಲ್ಲಿಗೆ ಹೋದರೂ ಇದೂ ಜೊತೆಗೇ ಹೋಗುತ್ತದೆ. ಹೋದ ದಾರಿಯ ಸುಳಿವನ್ನೂ ಕೊಡುತ್ತದೆ. ಮಂದೆಯಲ್ಲಿ ಒಂದು ಕುರಿಯ ಕೊರಳಿಗೆ ಗಂಟೆ ಕಟ್ಟಿದ ಹಾಗೆ. 1913ರಲ್ಲಿ ವಿಯೆನ್ನಾದಲ್ಲಿ ರಸಾಯನವಿಜ್ಞಾನಿ ಪಾನೆಟ್ ಅವರ ಜೊತೆ ಸೇರಿ ಇದನ್ನು ಮಾಡಿ ತೋರಿಸಿದರು. ನಾನು ದಿನಾ ಮಾಡುವ ಕೆಲಸ ಶುರುವಾಗಿದ್ದು ಅಲ್ಲಿಂದ.

1920ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ, ಭೌತವಿಜ್ಞಾನಿ ನೀಲ್ಸ್ ಬೋರ್ ಹತ್ತಿರ ಬಂದರು. 1923ರಲ್ಲಿ ಬೀನ್ಸ್ ಗಿಡದ ಬೇರು ಸೀಸವನ್ನು ಹೀರಿಕೊಂಡು ಎಲ್ಲಿಗೆ ಸಾಗಿಸುತ್ತದೆ ಅಂತ ನೋಡಿದರು. ಆದರೆ ಸೀಸ ವಿಷ, ಮೈಗೆ ಬೇಕಾದ ವಸ್ತುವೂ ಅಲ್ಲ. 1934ರಲ್ಲಿ ಜೋಲಿಯೋ-ಕ್ಯೂರಿ ದಂಪತಿ ವಿಕಿರಣ ವಸ್ತುಗಳನ್ನು ಲ್ಯಾಬಿನಲ್ಲೇ ತಯಾರಿಸಬಹುದು ಅಂತ ತೋರಿಸಿದರು. ಗಂಧಕಕ್ಕೆ ನ್ಯೂಟ್ರಾನ್ ಕಣಗಳನ್ನು ಹೊಡೆದರೆ ಫಾಸ್ಫರಸ್-32, ಅಂದರೆ ವಿಕಿರಣ ಸೂಸುವ ಫಾಸ್ಫರಸ್, ಸಿಗುತ್ತಿತ್ತು. ಫಾಸ್ಫರಸ್ ಅಂದರೆ ಮೂಳೆಯ ಆಹಾರ.

1935ರಲ್ಲಿ ಹೆವೆಶಿ ಮತ್ತು ಡ್ಯಾನಿಷ್ ವೈದ್ಯ ಓಲೆ ಷೀವಿಟ್ಸ್ ಅದನ್ನು ಇಲಿಗಳಿಗೆ ತಿನ್ನಿಸಿದರು. ಹೊರಗೆ ಬಂದಿದ್ದನ್ನೂ ಒಳಗೆ ಉಳಿದಿದ್ದನ್ನೂ ಅಳೆದರು. ಮೂಳೆ ಫಾಸ್ಫರಸ್ಸನ್ನು ತೆಗೆದುಕೊಳ್ಳುತ್ತಿತ್ತು, ಮತ್ತೆ ಬಿಟ್ಟುಕೊಡುತ್ತಿತ್ತು. ಆ ಜಾಗಕ್ಕೆ ಹೊಸದು ಬರುತ್ತಿತ್ತು. ಒಂದು ಫಾಸ್ಫರಸ್ ಪರಮಾಣು ಇಲಿಯ ಮೈಯಲ್ಲಿ ಸರಾಸರಿ ಎರಡು ತಿಂಗಳು ಇರುತ್ತದೆ, ಅಷ್ಟೇ. ನಮ್ಮ ಅಜ್ಜಿ ಹೇಳಿದ ಕಲ್ಲು ಅದಲ್ಲ. ದಿನಾ ಒಡೆದು ದಿನಾ ಕಟ್ಟುವ ಗೋಡೆ!

ಅದೇ ವರ್ಷ ಅಕ್ಟೋಬರಿನಲ್ಲಿ ಬೋರ್ ಅವರಿಗೆ ಐವತ್ತು ತುಂಬಿತು. ಡೆನ್ಮಾರ್ಕಿನಲ್ಲಿ ವಂತಿಗೆ ಎತ್ತಿ ಒಂದು ಲಕ್ಷ ಕ್ರೋನರ್ ಕೂಡಿಸಿ, 600 ಮಿಲಿಗ್ರಾಂ ರೇಡಿಯಂ ಉಡುಗೊರೆ ಕೊಟ್ಟರು. ಹುಟ್ಟುಹಬ್ಬಕ್ಕೆ ರೇಡಿಯಂ! ಬೋರ್ ಅದನ್ನು ಕೆಲಸಕ್ಕೆ ಹಚ್ಚಿದರು. ಅದಕ್ಕೆ ಬೆರಿಲಿಯಂ ಬೆರೆಸಿದರೆ ನ್ಯೂಟ್ರಾನ್ ಬರುತ್ತದೆ. ಅದರಿಂದ ಹೆವೆಶಿಗೆ ಇನ್ನೂ ಜಾಸ್ತಿ ಫಾಸ್ಫರಸ್-32 ಸಿಕ್ಕಿತು. ಈ ವಿಷಯ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

1943ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಹೆವೆಶಿ ಸ್ವೀಡನ್ನಿಗೆ ಹೋದರು. ಆ ವರ್ಷದ ರಸಾಯನಶಾಸ್ತ್ರದ ನೊಬೆಲ್ ಅವರಿಗೇ ಬಂತು.

ನಮ್ಮಲ್ಲಿ ಈಗ ಫಾಸ್ಫರಸ್-32 ಬಳಸುವುದಿಲ್ಲ. ಸೀಸದ ಕವಚದೊಳಗೆ ಮಾಲಿಬ್ಡಿನಮ್ ಇರುವ, ಜನರೇಟರ್ ಅನ್ನುವ ಡಬ್ಬಿಯಿಂದ ಬೆಳಗ್ಗೆ ಬೆಳಗ್ಗೆ ಟೆಕ್ನೀಶಿಯಂ ಅನ್ನುವ ವಿಕಿರಣ ವಸ್ತು ತೆಗೆಯುತ್ತೇವೆ. ಹಸುವಿನ ಹಾಲು ಕರೆಯುವುದು ಅಂತಲೇ ನಮ್ಮ ಮಾತು. ಅದನ್ನು ಫಾಸ್ಫೇಟಿನ ನೆಂಟ ಅನ್ನಬಹುದಾದ ಒಂದು ಔಷಧಿಗೆ ಬೆರೆಸುತ್ತೇವೆ. ಮೂಳೆ ಎಲ್ಲಿ ಜಾಸ್ತಿ ಒಡೆದು ಕಟ್ಟುತ್ತಿದೆಯೋ ಅಲ್ಲಿ ಜಾಸ್ತಿ ಸೇರುತ್ತದೆ. ಆರು ಗಂಟೆಗೊಮ್ಮೆ ವಿಕಿರಣ ಅರ್ಧಕ್ಕಿಳಿಯುತ್ತದೆ.

ಅಜ್ಜಿಗೆ ಇಷ್ಟೆಲ್ಲ ಹೇಳಲಿಲ್ಲ. ಇಲಿಗಳ ಕಥೆ ಮಾತ್ರ ಹೇಳಿದೆ. ಸ್ಕ್ಯಾನ್ ಮುಗಿದ ಮೇಲೆ ಪರದೆ ತೋರಿಸಿ ಅಂದರು. ಬಿಳಿ ಹಿನ್ನೆಲೆಯಲ್ಲಿ ಅವರ ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಕಪ್ಪಗೆ ಮೂಡಿದ್ದವು. ಬಲ ಮಂಡಿಯ ಹತ್ತಿರ ಸ್ವಲ್ಪ ಜಾಸ್ತಿ ಕಪ್ಪು. ನಾನು ಬಾಯಿ ಬಿಡುವಂತಿಲ್ಲ, ರಿಪೋರ್ಟ್ ಡಾಕ್ಟರು ಕೊಡಬೇಕು. ಅಜ್ಜಿ ತಾವೇ ಬೆರಳಿಟ್ಟರು.

"ಇದೇ ಅಲ್ವಾ ಮಂಡಿ? ರಾತ್ರಿಯೆಲ್ಲ ನೋಯೋದು ಇದೇ ನೋಡಪ್ಪಾ."