ನೀಟಮ್ ಬಳ್ಳಿಯ ಎಲೆಯನ್ನು ಕೊನೆಗೆ ನೋಡಿ

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಮರಬಳ್ಳಿಗಳನ್ನು ಎಣಿಸಿ ದಾಖಲಿಸುವುದು ನನ್ನ ಉದ್ಯೋಗ. ಗಡಿ ಗುರುತು ಮಾಡಿದ ಜಾಗದೊಳಗೆ ಬೇರೂರಿರುವ, ಒಂದು ಸೆಂಟಿಮೀಟರಿಗಿಂತ ದಪ್ಪವಾದ ಪ್ರತಿಯೊಂದು ಬಳ್ಳಿಗೂ ಸಂಖ್ಯೆಯ ಬಿಲ್ಲೆ ಕಟ್ಟಬೇಕು. ಬೇರಿನಿಂದ ಕಾಂಡದ ಗುಂಟ 130 ಸೆಂಟಿಮೀಟರ್ ಅಳೆದು, ಅಲ್ಲಿನ ದಪ್ಪವನ್ನು ಬರೆದುಕೊಳ್ಳಬೇಕು. ಆಮೇಲೆ ಹೆಸರು ಬರೆಯಬೇಕು. ಬಿಲ್ಲೆ ಕಟ್ಟುವುದು, ಅಳೆಯುವುದು ಉಂಬಳಗಳನ್ನು ಕಿತ್ತೆಸೆಯುತ್ತಲೇ ಮುಗಿದುಹೋಗುತ್ತದೆ. ಹೆಸರು ಬರೆಯುವುದು ಹಾಗಲ್ಲ. ಬಳ್ಳಿಯ ಬುಡ ನಮ್ಮ ಕಾಲಿನ ಬಳಿ ಇರುತ್ತದೆ. ಅದರ ಎಲೆ, ಹೂವು, ಕಾಯಿಗಳೆಲ್ಲ ಎತ್ತರದಲ್ಲಿ, ಹಲವು ಸಲ ಇನ್ನೊಂದು ಮರದ ನೆತ್ತಿಯಲ್ಲಿ ಇರುತ್ತವೆ.

ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಮಾಡುವುದು ಬೈನಾಕ್ಯುಲರ್ ಎತ್ತಿ ಎಲೆ ಹುಡುಕುವುದನ್ನು. ಕಾಲೇಜಿನಲ್ಲಿ ಅವರು ಕಲಿತದ್ದೇ ಹಾಗೆ, ಅವರನ್ನು ದೂರಲಾಗದು. ಆದರೆ ನಮ್ಮ ತಂಡದಲ್ಲಿ ನಾನು ಹಿಡಿಸಿರುವ ಕ್ರಮ ಇದಕ್ಕೆ ತಿರುವುಮುರುವು: ಮೊದಲು ಕಾಂಡ, ಆಮೇಲೆ ಗೆಣ್ಣು, ಆಮೇಲೆ ಬುಡದ ಸುತ್ತ ಉದುರಿರುವ ವಸ್ತು, ಕೊನೆಗೆ ಎಲೆ. ಈ ಕ್ರಮ ಯಾಕೆ ಬೇಕು ಎಂದು ಕೇಳಿದವರನ್ನು ನಾನು ನೀಟಮ್ ಬಳ್ಳಿಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ.

ನೀಟಮ್ ಎಲೆ ಕಾಫಿ ಎಲೆಯನ್ನು ನೆನಪಿಸುತ್ತದೆ. ಅಗಲವಾಗಿದೆ, ಹೊಳೆಯುತ್ತದೆ, ಎದುರುಬದುರಾಗಿ ಜೋಡಿಜೋಡಿಯಾಗಿ ಬರುತ್ತದೆ. ನಡುನರದಿಂದ ಹೊರಟ ಕವಲುನರಗಳು ಬಲೆಯಂತೆ ಹೆಣೆದುಕೊಂಡಿವೆ. ಇದನ್ನು ಯಾರ ಕೈಗೆ ಕೊಟ್ಟರೂ ಹೂಬಿಡುವ ಗಿಡದ, ಅದರಲ್ಲೂ ದ್ವಿದಳ ಗಿಡದ ಎಲೆ ಎಂದೇ ಹೇಳುತ್ತಾರೆ. ನಮ್ಮ ಕಾಡಿನಲ್ಲಿರುವ, ಹೂಬಿಡುವ ಸಸ್ಯವಾದ ಏಕನಾಯಕದ ಬಳ್ಳಿಗಳಿಗೂ ಇದಕ್ಕೂ ಎಲೆ ನೋಡಿ ವ್ಯತ್ಯಾಸ ಹೇಳುವುದು ಸುಲಭವಲ್ಲ. ಎರಡಕ್ಕೂ ಮಾಗಿದಾಗ ಕಿತ್ತಳೆ ಬಣ್ಣಕ್ಕೆ ತಿರುಗುವ ‘ಹಣ್ಣು’ ಬೇರೆ ಇರುತ್ತದೆ.

ಆದರೆ ನೀಟಮ್ ಹೂಬಿಡುವ ಸಸ್ಯವೇ ಅಲ್ಲ. ಅದು ಪೈನ್ ಮರ, ಸೈಕಸ್‌ಗಳ ಸಾಲಿನ ನಗ್ನಬೀಜಿ. ಅದರ ಅಂಡಕವನ್ನು (ಮುಂದೆ ಬೀಜವಾಗುವ ಭಾಗವನ್ನು) ಮುಚ್ಚುವ ಅಂಡಾಶಯ ಇಲ್ಲ. ಅಂಡಾಶಯವಿಲ್ಲದ ಮೇಲೆ ಹಣ್ಣೂ ಇಲ್ಲ. ನಾವು ಹಣ್ಣೆಂದು ಆಯ್ದುಕೊಳ್ಳುವುದು ಒಂದೇ ಬೀಜವನ್ನು. ಅದರ ಹೊರ ಹೊದಿಕೆ ತಿರುಳಿನಂತೆ ಬೆಳೆದು ಬಣ್ಣ ಪಡೆಯುತ್ತದೆ, ಅದರ ಕೆಳಗಿನ ಹೊದಿಕೆ ಗಡುಸಾಗಿರುತ್ತದೆ. ಏಕನಾಯಕದ ಹಣ್ಣನ್ನು ಕೊಯ್ದರೆ ತಿರುಳಿನೊಳಗೆ ಹುದುಗಿದ ಬೀಜ ಸಿಗುತ್ತದೆ. ನೀಟಮ್‌ನದನ್ನು ಕೊಯ್ದರೆ ಪದರದ ಮೇಲೆ ಪದರ, ಎಲ್ಲವೂ ಆ ಒಂದು ಬೀಜದ್ದೇ. ಬುಡದ ಸುತ್ತ ತರಗೆಲೆ ಕೆದಕುವುದನ್ನು ಕೆಲಸದ ಕ್ರಮದೊಳಗೆ ಸೇರಿಸಿದ್ದು ಇದಕ್ಕಾಗಿಯೇ. ಹಾಗೆ ಬಿದ್ದ ಬೀಜ ಪಕ್ಕದ ಬಳ್ಳಿಯದೂ ಆಗಿರಬಹುದು, ಆದ್ದರಿಂದ ಅದೊಂದರ ಮೇಲೆ ಹೆಸರು ನಿಲ್ಲಿಸುವಂತಿಲ್ಲ.

ಕಾಂಡಕ್ಕೆ ಬರೋಣ. ನೀಟಮ್ ಬಳ್ಳಿಗೆ ಕುಡಿಬಳ್ಳಿಯ ಸುರುಳಿಗಳಿಲ್ಲ, ಮುಳ್ಳಿಲ್ಲ. ಕಾಂಡವೇ ಆಸರೆಯನ್ನು ಸುತ್ತಿಕೊಂಡು ಏರುತ್ತದೆ. ಗೆಣ್ಣುಗಳು ಕೀಲಿನಂತೆ ಉಬ್ಬಿರುತ್ತವೆ. ಅದಕ್ಕೆ ಎರಡು ಬಗೆಯ ಕೊಂಬೆಗಳಿವೆ: ಮೇಲಕ್ಕೆ ಬೆಳೆಯುತ್ತಲೇ ಹೋಗುವ ಉದ್ದ ಕೊಂಬೆಗಳಲ್ಲಿ ಸಾಮಾನ್ಯವಾಗಿ ಚಿಪ್ಪಿನಂಥ ಸಣ್ಣ ಎಲೆಗಳು ಮಾತ್ರ, ಹಸಿರು ಎಲೆಗಳು ಬರುವುದು ಗಿಡ್ಡ ಕೊಂಬೆಗಳಲ್ಲಿ. ಹೀಗಾಗಿ ಕಣ್ಣಿಗೆ ಸಮೀಪವಿರುವ ಕಾಂಡದಲ್ಲಿ ಎಲೆಯೇ ಕಾಣದಿದ್ದರೂ ಅದು ಖಾಲಿ ಸಾಕ್ಷಿಯಲ್ಲ. ಮುರಿದು ಬಿದ್ದ ತುಂಡು ಸಿಕ್ಕಿದರೆ ಅಡ್ಡಲಾಗಿ ಕೊಯ್ದು ನೋಡುತ್ತೇವೆ. (ಜೀವಂತ ಬಳ್ಳಿಯನ್ನು ಹೆಸರಿಗಾಗಿ ಕಡಿಯಲು ನಾನು ಯಾರಿಗೂ ಬಿಡುವುದಿಲ್ಲ.) ಒಳಗೆ ಮರದ ಪದರಗಳು ಉಂಗುರ ಉಂಗುರವಾಗಿ ಕಾಣುತ್ತವೆ. ಅವನ್ನು ವರ್ಷದ ಉಂಗುರಗಳೆಂದು ಎಣಿಸಬಾರದು. ಒಂದು ಕ್ಯಾಂಬಿಯಂ (ಕಾಂಡವನ್ನು ದಪ್ಪವಾಗಿಸುವ ಪದರ) ಕೆಲಸ ನಿಲ್ಲಿಸಿದ ಮೇಲೆ ಅದರ ಹೊರಗೆ ಇನ್ನೊಂದು ಹುಟ್ಟಿ, ಹೊಸದಾಗಿ ನೀರು ಸಾಗಿಸುವ ಕ್ಸೈಲಂ, ಆಹಾರ ಸಾಗಿಸುವ ಫ್ಲೋಯಂಗಳನ್ನು ಕಟ್ಟಿದ್ದರಿಂದ ಆದ ಉಂಗುರಗಳವು. ಗಟ್ಟಿ ಮರದ ನಡುವೆ ಮೆದು ಪದರಗಳಿರುವುದರಿಂದಲೇ ಇಂಥ ಕಾಂಡ ತಿರುಚಿದರೂ ಸುಲಭವಾಗಿ ಸೀಳುವುದಿಲ್ಲ. ಬಳ್ಳಿಯ ಬದುಕಿಗೆ ಬೇಕಾದ ಗುಣವಾದ್ದರಿಂದ ಇದು ನೀಟಮ್‌ಗೆ ಮಾತ್ರ ಮೀಸಲಲ್ಲ. ಸಂಬಂಧವೇ ಇಲ್ಲದ ಹಲವು ಬಳ್ಳಿ ಕುಟುಂಬಗಳಲ್ಲೂ ಉಂಗುರಗಳಿವೆ.

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿದೆ. ಕಾಣುವ ಹೋಲಿಕೆಯಲ್ಲಿ ಬದುಕಿನ ರೀತಿಯಿಂದ ಬಂದದ್ದೆಷ್ಟು, ವಂಶದಿಂದ ಬಂದದ್ದೆಷ್ಟು ಎಂದು ಪ್ರತಿ ಲಕ್ಷಣವನ್ನೂ ಬೇರೆಬೇರೆಯಾಗಿ ಕೇಳಬೇಕು. ನೀಟಮ್ ವಿಷಯದಲ್ಲಿ ಸಸ್ಯವಿಜ್ಞಾನವೇ ಈ ಪ್ರಶ್ನೆಯನ್ನು ಬಹಳ ಕಾಲ ಎದುರಿಸಿದೆ. ಸಸ್ಯವಿಜ್ಞಾನಿ ಲಿನೇಯಸ್ ಈ ಕುಲಕ್ಕೆ ಹೆಸರಿಟ್ಟದ್ದು 1767ರಲ್ಲಿ. ಅದರ ಹತ್ತಿರದ ನೆಂಟರೆಂದರೆ ಒಣ ನೆಲದ ಪೊದೆಯಾದ ಎಫೆಡ್ರಾ ಮತ್ತು ನಮೀಬಿಯಾ, ಅಂಗೋಲಾಗಳ ಮರುಭೂಮಿಯಲ್ಲಿ ಎರಡೇ ಎಲೆ ಹೊತ್ತು ಶತಮಾನಗಟ್ಟಲೆ ಬದುಕುವ ವೆಲ್ವಿಟ್ಶಿಯಾ. ಮಳೆಕಾಡಿನ ಬಳ್ಳಿಗೆ ಇಂಥ ನೆಂಟಸ್ತಿಕೆ ಎಂದರೆ ಇಂದಿಗೂ ನನಗೆ ಬೆರಗು. ಈ ಮೂರಕ್ಕೂ ಹೂಬಿಡುವ ಸಸ್ಯಗಳಂತೆ ಕಾಂಡದಲ್ಲಿ ನೀರು ಸಾಗಿಸುವ ಅಗಲ ನಾಳಗಳಿವೆ. ಪರಾಗ, ಬೀಜಗಳನ್ನು ಹೊರುವ ಶಂಕುಗಳು ಹೂಗೊಂಚಲಿನಂತೆ ಕಾಣುತ್ತವೆ. ಇವೆಲ್ಲವನ್ನೂ ಒಟ್ಟುಗೂಡಿಸಿ, ಹೂಬಿಡುವ ಸಸ್ಯಗಳ ಹತ್ತಿರದ ಬಂಧುಗಳು ಇವೇ ಎಂಬ ವಾದ 1980ರ ದಶಕದಲ್ಲಿ ಗಟ್ಟಿಯಾಯಿತು. 1990ರ ದಶಕದಲ್ಲಿ ಎಫೆಡ್ರಾ, ನೀಟಮ್‌ಗಳಲ್ಲಿ ಜೋಡಿ ನಿಷೇಚನ (ಗಂಡು, ಹೆಣ್ಣು ಕೋಶಗಳು ಎರಡು ಸಲ ಕೂಡುವುದು) ಕಂಡುಬಂದಾಗ ಅದಕ್ಕೆ ಇನ್ನಷ್ಟು ಬಲ ಬಂತು. ಆದರೆ ಹೂಬಿಡುವ ಸಸ್ಯದಲ್ಲಿ ಎರಡನೆಯ ಕೂಡುವಿಕೆಯಿಂದ ಆಹಾರದ ಅಂಗಾಂಶ ಹುಟ್ಟಿದರೆ, ಇವುಗಳಲ್ಲಿ ಹುಟ್ಟುವುದು ಇನ್ನೊಂದು ಭ್ರೂಣ. 2000ದ ಸುಮಾರಿಗೆ ಡಿಎನ್‌ಎ ಅಧ್ಯಯನಗಳು ಬಂದವು. ಅವು ನೀಟಮ್ ಗುಂಪನ್ನು ಹೂಬಿಡುವ ಸಸ್ಯಗಳಿಂದ ದೂರ ಒಯ್ದು, ಪೈನ್‌ನಂಥ ಶಂಕುಧಾರಿಗಳ ಮಗ್ಗುಲಲ್ಲಿ ಇರಿಸಿದವು. ಪೈನ್ ಕುಟುಂಬಕ್ಕೇ ಅತಿ ಹತ್ತಿರವೋ, ಎಲ್ಲ ಶಂಕುಧಾರಿಗಳಿಗೂ ಒಟ್ಟಾಗಿ ಸೋದರವೋ ಎಂಬ ಚರ್ಚೆ ಈಗಲೂ ನಡೆದಿದೆ. ಅಗಲ ನಾಳಗಳೂ ಬಲೆಯಂಥ ನರಗಳೂ ಎರಡು ಕಡೆ ಬೇರೆಬೇರೆಯಾಗಿ ಮೂಡಿದವು ಎಂಬುದು ಈಗಿನ ತಿಳಿವಳಿಕೆ.

ಹೆಸರಿನ ಬಗ್ಗೆಯೂ ಎಚ್ಚರ ಬೇಕು. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ, ಮಲಬಾರಿನ ಗಿಡಗಳ ಗ್ರಂಥವಾದ ಹಾರ್ಟಸ್ ಮಲಬಾರಿಕಸ್‌ನಲ್ಲಿ ಈ ಬಳ್ಳಿ ‘ಉಲಾ’ ಎಂದಿದೆ. ಅಲ್ಲಿಂದ ಬಂದ ನೀಟಮ್ ಉಲಾ ಎಂಬ ಹೆಸರೇ ನಮ್ಮ ಪದವಿ ತರಗತಿಯ ಪುಸ್ತಕಗಳಲ್ಲಿ ಬಹುಕಾಲದಿಂದ ಉಳಿದಿದೆ. ಈಗ ಒಪ್ಪಿತವಾಗಿರುವುದು ನೀಟಮ್ ಎಡ್ಯುಲ್. ನಮ್ಮ ದಾಖಲೆಯಲ್ಲಿ ಎರಡನ್ನೂ ಬರೆಯುತ್ತೇವೆ, ಇಲ್ಲದಿದ್ದರೆ ಹಳೆಯ ಪಟ್ಟಿಗೂ ಹೊಸ ಪಟ್ಟಿಗೂ ತಾಳೆಯಾಗುವುದಿಲ್ಲ. ಕಾಡಿನಿಂದ ತಂದ ನೀಟಮ್ ರಫ್ತನ್ನು ಭಾರತ ನಿಷೇಧಿಸಿದೆ. ಪಟ್ಟಿಯಲ್ಲಿ ಹೆಸರು ಅತ್ತಿತ್ತಾದರೆ ಅದರ ಪರಿಣಾಮ ಕಾಗದದಾಚೆಗೂ ಹೋಗುತ್ತದೆ.

ಹೊಸಬರಿಗೆ ನಾನು ಕೊಡುವ ನೋಂದಣಿ ಹಾಳೆಯಲ್ಲಿ ಕಂಡದ್ದಕ್ಕೆ ಒಂದು ಅಂಕಣ, ಹೆಸರಿಗೆ ಇನ್ನೊಂದು. ಗೆಣ್ಣು ಉಬ್ಬಿದೆ, ಎಲೆ ಎದುರುಬದುರು, ಉಂಗುರ ಮೂರು, ಬೀಜ ಸಿಗಲಿಲ್ಲ: ಇಷ್ಟು ಬರೆದು ಹೆಸರಿನ ಅಂಕಣವನ್ನು ಖಾಲಿ ಬಿಟ್ಟು ಬಂದರೂ ನನಗೆ ಸಂತೋಷವೇ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆಯಾದ್ದರಿಂದ ಕೆಲವು ಬುಡಗಳಲ್ಲಿ ಬೀಜ ಎಂದೂ ಸಿಗುವುದಿಲ್ಲ. ಅಂಥ ಕಡೆ ಉದುರಿದ ಗಂಡು ಶಂಕು ಹುಡುಕಬೇಕು. ಕೊರಳಪಟ್ಟಿಯಂಥ ಬಳೆಗಳು ಒಂದರ ಮೇಲೊಂದು ಕೂತ ಸಣ್ಣ ಕಡ್ಡಿ ಅದು. ಒಮ್ಮೆ ಗುರುತು ಹಿಡಿದವರು ಮತ್ತೆ ಮರೆಯುವುದಿಲ್ಲ.

ಇನ್ನೊಂದು ಮಾತು, ಹರ್ಬೇರಿಯಂಗೆ (ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹಕ್ಕೆ) ಹೋಗುವವರಿಗೆ. ನಮ್ಮ ದೇಶದ ಅನೇಕ ಹರ್ಬೇರಿಯಂಗಳು ಬೆಂಥಮ್ ಮತ್ತು ಹೂಕರ್ ಅವರ 19ನೆಯ ಶತಮಾನದ ಕ್ರಮವನ್ನೇ ಅನುಸರಿಸುತ್ತವೆ. ಅದರಲ್ಲಿ ನಗ್ನಬೀಜಿಗಳು ದ್ವಿದಳ ಸಸ್ಯಗಳಿಗೂ ಏಕದಳ ಸಸ್ಯಗಳಿಗೂ ನಡುವೆ ಬರುತ್ತವೆ. ಆದ್ದರಿಂದ ನೀಟಮ್ ಹಾಳೆಗಳನ್ನು ಕಪಾಟಿನ ಸಾಲಿನ ತುದಿಯಲ್ಲಿ ಹುಡುಕಬೇಡಿ. ದ್ವಿದಳ ಕುಟುಂಬಗಳು ಮುಗಿದು ಆರ್ಕಿಡ್‌ಗಳು ಶುರುವಾಗುವುದಕ್ಕೆ ಮೊದಲು ಸಿಗುತ್ತವೆ.