ಹೆಂಗೂ ಬಿಚ್ಚೇವಲ್ರಿ, ಬೋರ್ ಹೊಡೆಸಿಬಿಡ್ರಿ

ಹೀಟ್ ಆಗಿ ನಿಂತ ಕಾರನ್ನು ಗ್ಯಾರೇಜಿಗೆ ತಂದರೆ ಮೊದಲು ಕಿವಿಗೆ ಬೀಳೋದು ಇದೇ ಮಾತು. ಹುಬ್ಬಳ್ಳಿಯಲ್ಲಿ ನಾನು ವಿಚಾರಿಸಿದ ಕಡೆಯೆಲ್ಲ ಬಾನೆಟ್ ಎತ್ತುವ ಮೊದಲೇ ಲೆಕ್ಕ ಶುರುವಾಯಿತು. ಬೋರಿಂಗ್ (ಸವೆದ ಸಿಲಿಂಡರಿನ ಒಳಗೋಡೆ ಕೊರೆದು ಅಗಲ ಮಾಡೋದು), ಹೊಸ ಪಿಸ್ಟನ್, ಅದರ ಸುತ್ತ ಕೂರುವ ರಿಂಗ್, ಬೇರಿಂಗ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡಿಂಗ್, ಕೂಲಿ, ಎಲ್ಲ ಸೇರಿ ನಲವತ್ತು ಸಾವಿರ. ಕಾರು 2006ರ ಮಾರುತಿ 800. ಮಾರಿದರೂ ಅಷ್ಟು ಬರುತ್ತೋ ಇಲ್ಲವೋ. ರಿಪೇರಿ ಮಾಡಿಸಲೇಬೇಕು, ಆದರೆ ಅಷ್ಟು ದುಡ್ಡು ಹಾಕೋಕೆ ಆಗಲ್ಲ ಅನ್ನೋರಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳೋದು ಇಷ್ಟೇ. ಏನು ಕೆಟ್ಟಿದೆ ಅಂತ ಅಳೆದು ನೋಡುವ ತನಕ ಒಂದು ಸಾಮಾನೂ ತರಬೇಡಿ. ಯಾಕೆ ಹೀಟ್ ಆಯಿತು ಅಂತ ಗೊತ್ತಾಗುವ ತನಕ ಇಂಜಿನ್ ಜೋಡಿಸಬೇಡಿ.

ಕಾರು ಗದಗಿನ ನಮ್ಮ ಕಾಕಾ ಅವರದು. ಅವರ ಹೊಲ ಮುಂಡರಗಿ ಕಡೆ. ಸುಗ್ಗಿಯಲ್ಲಿ ಆ ಹಳ್ಳಿ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು, ರೈತರು ಕಡಲೆನೋ ತೊಗರಿನೋ ರಸ್ತೆ ಮೇಲೆ ಹಾಸಿರ್ತಾರೆ, ಗಾಡಿ ಹಾದುಹೋದ ಹಾಗೆ ರಾಶಿ ಆಗುತ್ತೆ. ರಾಶಿ ಆಗುತ್ತೆ ಸರಿ, ಹೊಟ್ಟು ಎಲ್ಲಿಗೆ ಹೋಗುತ್ತೆ? ಅರ್ಧ ರೇಡಿಯೇಟರಿಗೆ. ಅದರ ಮೇಲೆ ಎರೆಮಣ್ಣಿನ ಧೂಳು ಕೂತು, ಮಳೆ ನೀರು ಸಿಡಿದು ಗಟ್ಟಿಯಾಗಿ, ರೇಡಿಯೇಟರಿನ ಮುಖ ಗೋಡೆಗೆ ಗಿಲಾವು ಮಾಡಿದ ಹಾಗೆ ಕಾಣುತ್ತಿತ್ತು. ಒಳಗಿನ ಕಥೆ ಇನ್ನೂ ಬೇರೆ. ಕೂಲಂಟ್ ಕಡಿಮೆ ಆದಾಗೆಲ್ಲ ಅದಕ್ಕೆ ಬೋರ್‌ವೆಲ್ ನೀರು ಹೋಗಿದೆ. ಗದಗ ಕಡೆಯ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ವಾ, ಆ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಳಿಕೆಗಳ ಒಳಗೂ ಕಟ್ಟುತ್ತದೆ.

ಒಂದು ದಿನ ಮಧ್ಯಾಹ್ನ ಹುಬ್ಬಳ್ಳಿಗೆ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೇಲೆ ಹೋಗಿದೆ. ಸ್ವಲ್ಪ ಹೊತ್ತಿಗೆ ತಾನೇ ಕೆಳಗೂ ಇಳಿದಿದೆ. "ಮುಳ್ಳು ಕೆಳಗ ಬಂತಪಾ, ಅದಕ್ಕ ಹಂಗ ಹೊಡಕೊಂಡು ಬಂದೆ" ಅಂದರು ಕಾಕಾ. ಅವರ ತಪ್ಪು ಅನ್ನೋಕಾಗಲ್ಲ, ಯಾರಾದರೂ ಹಾಗೇ ತಿಳಿಯುತ್ತಾರೆ. ಆದರೆ ಆ ಮುಳ್ಳು ತೋರಿಸೋದು ಸೆನ್ಸರಿಗೆ ತಾಗಿರುವ ನೀರಿನ ಬಿಸಿಯನ್ನು. ನೀರೇ ಖಾಲಿಯಾದರೆ ಸೆನ್ಸರ್ ಬರಿ ಗಾಳಿಯಲ್ಲಿ ನಿಂತಿರುತ್ತದೆ, ಮುಳ್ಳು ಇಳಿಯಬಹುದು, ಇಂಜಿನ್ ಮಾತ್ರ ಒಳಗೊಳಗೆ ಸುಡುತ್ತಿರುತ್ತದೆ. ಮೇಲೆ ಹೋದ ಮುಳ್ಳು ಸುಮ್ನೆ ಇಳಿಯಿತು ಅಂದರೆ ಜಾಸ್ತಿ ಹೆದರಬೇಕು. ಗಾಡಿ ಬದಿಗೆ ಹಾಕಿ, ಆಫ್ ಮಾಡಿ, ತಣ್ಣಗಾಗೋ ತನಕ ಕ್ಯಾಪ್ ಮುಟ್ಟಬೇಡಿ. ಬಾಟಲಿ ಹಿಡಿದು ಸಹಾಯಕ್ಕೆ ಓಡಿ ಬರೋರು ಇರ್ತಾರೆ, ಕಾದ ಇಂಜಿನ್ನಿಗೆ ತಣ್ಣೀರು ಸುರಿಯೋಕೆ ಅವರಿಗೆ ಬಿಡಬೇಡಿ. ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಬಿರುಕು ಬಿಡೋದು ಹೀಗೇ.

ಕೊನೆಗೆ ಸಿಕ್ಕ ಮಿಸ್ತ್ರಿ ಗೋಕುಲ ರೋಡಿನ ಹತ್ತಿರ ಸಣ್ಣ ಶೆಡ್ ಇಟ್ಟುಕೊಂಡವರು, ವಯಸ್ಸಾದವರು, ಮಾತು ಕಡಿಮೆ. ಅವರು ಬಿಚ್ಚುವ ಮೊದಲು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ತೆಗೆದರು, ನನಗೆ ಅಲ್ಲಿಗೇ ಅರ್ಧ ಸಮಾಧಾನ. ಮೂರೂ ಪ್ಲಗ್ ತೆಗೆದು ಒಂದೊಂದೇ ಸಿಲಿಂಡರ್ ನೋಡಿದರು. ಒಂದನೆಯದು ಚೆನ್ನಾಗಿತ್ತು, ಎರಡು ಮತ್ತು ಮೂರರಲ್ಲಿ ಒತ್ತಡ ಬಿದ್ದಿತ್ತು. ಸುಜುಕಿ ಇಂಜಿನ್‌ನಲ್ಲಿ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಚದರ ಸೆಂಟಿಮೀಟರಿಗೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಇಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಆಮೇಲೆ ಬಿದ್ದ ಸಿಲಿಂಡರುಗಳಿಗೆ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಗೇಜ್ ಹಚ್ಚಿದರು. ಆಯಿಲ್ ಬಿಟ್ಟ ಮೇಲೆ ಒತ್ತಡ ಏರಿದರೆ ರಿಂಗ್ ಸೋತಿವೆ ಅಂತ ಅರ್ಥ. ಏರದಿದ್ದರೆ ವಾಲ್ವ್ ಅಥವಾ ಹೆಡ್ಡಿನ ಕೆಳಗೆ ಸೋರದಂತೆ ಹಾಕಿರುವ ಹಾಳೆ, ಅಂದರೆ ಗ್ಯಾಸ್ಕೆಟ್. ಇಲ್ಲಿ ಏರಲಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ, ಅಂದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ. ಹೆಡ್ ಎತ್ತಿದಾಗ ಅದೇ ಕಂಡಿತು. ನಲವತ್ತು ಸಾವಿರದ ಲೆಕ್ಕ ಹೇಳಿದ ಯಾರೂ ಈ ಚಮಚ ಆಯಿಲ್ಲಿನ ಪರೀಕ್ಷೆ ಮಾಡಲಿಲ್ಲ, ಅದೇ ನನ್ನ ಸಿಟ್ಟು.

ಗ್ಯಾಸ್ಕೆಟ್ ಸುಡೋದು ಯಾಕೆ ಅಂದರೆ, 800ರಲ್ಲಿ ಸಿಲಿಂಡರುಗಳಿರುವ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಹಿಗ್ಗೋಕೆ ಬೋಲ್ಟ್ ಬಿಡಲ್ಲ, ಹಾಗಾಗಿ ಹೆಡ್ ಸೊಟ್ಟಗಾಗುತ್ತದೆ. ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಬೇಕು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. 0.05 ಮಿಮೀಗಿಂತ ಜಾಸ್ತಿ ಸಂದು ಇದ್ದರೆ ಫೇಸಿಂಗ್, ಅಂದರೆ ಹೆಡ್ಡಿನ ಮುಖ ತೆಳುವಾಗಿ ಕೆತ್ತಿ ಸಪಾಟು ಮಾಡೋದು, ಮಾಡಿಸಲೇಬೇಕು. ನಮ್ಮದು ನಡುವೆ ಅದರ ಮೂರು ಪಟ್ಟು ಬಾಗಿತ್ತು.

ದುಡ್ಡು ಉಳಿಸಬಾರದ ಜಾಗ ಅಂದರೆ ಇದು. ಫೇಸಿಂಗ್ ಮಾಡಿಸುವ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ. ಹೆಡ್ಡಿನ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿ ನೀರಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಬಂದರೆ ಬಿರುಕಿದೆ. ಬಿರುಕಿದ್ದ ಹೆಡ್ಡಿಗೆ ಫೇಸಿಂಗ್ ಮಾಡಿಸೋದು ದುಡ್ಡು ದಂಡ, ಆಗ ಸ್ಕ್ರ್ಯಾಪ್‌ನಲ್ಲಿ ಇನ್ನೊಂದು ಹೆಡ್ ಹುಡುಕೋದು ವಾಸಿ. 800ರ ಸಾಮಾನು ಸಿಗಲ್ಲ ಅನ್ನೋ ಚಿಂತೆಯಂತೂ ಇಲ್ಲ, 1983ರಿಂದ 2014ರವರೆಗೆ ತಯಾರಾದ ಗಾಡಿ ಅದು. ಅದೃಷ್ಟಕ್ಕೆ ನಮ್ಮ ಹೆಡ್ಡಿನಲ್ಲಿ ಗುಳ್ಳೆ ಬರಲಿಲ್ಲ. ಲೇತ್ ಅಂಗಡಿಯವರಿಗೆ ಒಂದೇ ಮಾತು ಹೇಳಿ: ಎಷ್ಟು ಬೇಕೋ ಅಷ್ಟೇ ತೆಗೀರಿ. ಜಾಸ್ತಿ ತೆಗೆದರೆ ಕಂಪ್ರೆಶನ್ ಏರಿ ಇಂಜಿನ್ ನಾಕಿಂಗ್ (ಒಳಗೆ ಟಕಟಕ ಬಡಿತ) ಶುರು ಮಾಡಬಹುದು. ಇನ್ನು ಕೆಲವರು ಹಳೇ ಗ್ಯಾಸ್ಕೆಟ್ ಕೆರೆಯೋಕೆ ಗ್ರೈಂಡರಿಗೆ ಪಾಲಿಶ್ ಪೇಪರ್ ಚಕ್ರ ಹಾಕಿ ಹೆಡ್ಡಿನ ಮೇಲೆ ಓಡಿಸ್ತಾರೆ. ಐದು ನಿಮಿಷದಲ್ಲಿ ಹೊಳೆಯುತ್ತದೆ, ಆದರೆ ಅಲ್ಯೂಮಿನಿಯಂ ಮೆತ್ತಗಿರೋದರಿಂದ ಅಲ್ಲಲ್ಲಿ ತಗ್ಗು ಬೀಳುತ್ತದೆ. ಫೇಸಿಂಗಿಗೆ ಕೊಟ್ಟ ದುಡ್ಡು ಅಲ್ಲಿಗೆ ನೀರಿಗೆ ಹೋಯಿತು.

ಆಯಿಲ್ ಮುಚ್ಚಳದ ಕೆಳಗೆ ಕಂದು ಬಣ್ಣದ ನೊರೆ ಇತ್ತು, ಅಂದರೆ ಆಯಿಲ್ಲಿಗೆ ನೀರು ಸೇರಿತ್ತು. ಅದಕ್ಕೇ ಇಂಜಿನ್ ಕೆಳಗಿಳಿಸಿದ್ದು. ನೀರು ಸೇರಿದ ಆಯಿಲ್ ಬೇರಿಂಗ್ ತಿನ್ನುತ್ತದೆ, ಮೇಲಿಂದ ನೋಡಿದರೆ ಗೊತ್ತಾಗಲ್ಲ. ಕ್ರ್ಯಾಂಕನ್ನು ಮೈಕ್ರೋಮೀಟರ್ ಹಾಕಿ ನೋಡಿದಾಗ ಅಳತೆಯೊಳಗೇ ಇತ್ತು, ಬರೀ ಪಾಲಿಶ್ ಸಾಕಾಯಿತು, ಸ್ಟ್ಯಾಂಡರ್ಡ್ ಸೈಜಿನ ಹೊಸ ಬೇರಿಂಗ್ ಹಾಕಿದೆವು. ಸಿಲಿಂಡರ್ ಬೋರನ್ನು ಡಯಲ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ ಅಳೆದರು. ಸವೆತ ಇತ್ತು, ಮಿತಿಯೊಳಗೆ ಇತ್ತು. ಗೋಡೆಯಲ್ಲಿ ಉಗುರಿಗೆ ಸಿಗುವಂಥ ಗೀರು ಇರಲಿಲ್ಲ. ಅಂದಮೇಲೆ ಬೋರಿಂಗ್ ಯಾಕೆ? ಸ್ವಲ್ಪ ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಹಗುರಾಗಿ ಉಜ್ಜೋದು) ಮಾಡಿಸಿ, ಹಳೇ ಪಿಸ್ಟನ್ ಇಟ್ಟುಕೊಂಡು, ಹೊಸ ರಿಂಗ್ ಸೆಟ್ ಹಾಕಿದರಾಯಿತು. ರಿಂಗ್ ಮಾತ್ರ ಬದಲಿಸಲೇಬೇಕು ಅಂತ ನಾನೇ ಹಟ ಹಿಡಿದೆ, ಅಷ್ಟು ಕಾಯ್ದ ರಿಂಗಿನಲ್ಲಿ ಬಿಗಿ ಉಳಿದಿರುತ್ತೆ ಅಂತ ನಂಬೋಕೆ ಆಗಲ್ಲ, ಸಾವಿರ ರೂಪಾಯಿ ಆಸುಪಾಸಿನ ಸಾಮಾನಿಗೆ ಇಂಜಿನ್ ಮತ್ತೆ ಇಳಿಸೋದು ಯಾರಿಗೆ ಬೇಕು. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡುಗಳಲ್ಲಿ ಕಟ್ಟಿದ ಮಸಿಯನ್ನು ಮಿಸ್ತ್ರಿ ಹಳೇ ರಿಂಗನ್ನೇ ಮುರಿದು ಅದರ ತುಂಡಿನಿಂದ ಕೆರೆದು ತೆಗೆದರು. ಅಳತೆಗೆ ಸರಿಯಾಗಿ ಕೂರುವ ಉಪಕರಣ, ಖರ್ಚಿಲ್ಲ.

ಜೋಡಿಸುವಾಗ ನೋಡಿ ಕಲಿತದ್ದು ಒಂದಿದೆ. ಹೆಡ್ ಬೋಲ್ಟ್ ಕೂರುವ ತೂತುಗಳಲ್ಲಿ ನೀರೋ ಆಯಿಲ್ಲೋ ನಿಂತಿದ್ದರೆ ಗಾಳಿ ಹೊಡೆದು ಒಣಗಿಸಬೇಕು. ಇಲ್ಲದಿದ್ದರೆ ಬೋಲ್ಟ್ ನೀರನ್ನು ಒತ್ತಿ ನಿಲ್ಲುತ್ತದೆ, ಟಾರ್ಕ್ ರೆಂಚು ಬಿಗಿಯಾಯಿತು ಅನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರಲ್ಲ. ಬ್ಲಾಕ್ ಬಿರುಕು ಬಿಟ್ಟರೂ ಬಿಟ್ಟೀತು. ಬಿಗಿಯೋದು ನಡುವಿನ ಬೋಲ್ಟಿನಿಂದ ಶುರುಮಾಡಿ ಹೊರಗೆ, ಒಂದೇ ಸಲಕ್ಕಲ್ಲ, ಹಂತಹಂತವಾಗಿ. ಟಾರ್ಕ್ ರೆಂಚು ಇಲ್ಲದೆ "ಕೈ ಅಂದಾಜು ಐತ್ರಿ" ಅನ್ನೋರ ಹತ್ತಿರ ಹೆಡ್ ಕೆಲಸ ಕೊಡಬೇಡಿ, ಎಷ್ಟೇ ಅನುಭವ ಇರಲಿ.

ಇನ್ನು ಹೀಟ್ ಆಗೋಕೆ ಕಾರಣವಾದ ಸಾಮಾನು. ರೇಡಿಯೇಟರ್ ತೊಳೆದು ನೋಡಿದರೆ ಅರ್ಧ ನಳಿಕೆ ಕಟ್ಟಿದ್ದವು, ಹೊಸದು ತಂದೆ, ಎರಡು ಸಾವಿರದ ಎಂಟುನೂರು. ವಾಟರ್ ಪಂಪ್, ಟೈಮಿಂಗ್ ಬೆಲ್ಟ್, ಎಲ್ಲ ಹೋಸ್ ಪೈಪು ಬದಲಾದವು. ರೇಡಿಯೇಟರ್ ಕ್ಯಾಪನ್ನು ಜನ ಬರೀ ಮುಚ್ಚಳ ಅಂದುಕೊಂಡಿದ್ದಾರೆ. ಅದು ಚದರ ಸೆಂಟಿಮೀಟರಿಗೆ 0.9 ಕೆಜಿ ಒತ್ತಡ ಹಿಡಿದಿಡುತ್ತದೆ, ಆ ಒತ್ತಡದಲ್ಲಿ ನೀರು 100ಕ್ಕಲ್ಲ, 118 ಡಿಗ್ರಿ ಸುಮಾರಿಗೆ ಕುದಿಯುತ್ತದೆ. ಕ್ಯಾಪಿನ ರಬ್ಬರ್ ಸತ್ತರೆ ಆ ಲಾಭವೆಲ್ಲ ಹೋಯಿತು. ಕಾಕಾನ ಕ್ಯಾಪಿನ ರಬ್ಬರ್ ಬೆರಳಿಗೆ ಪುಡಿಯಾಗಿ ಬಂತು. ಇಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ಅಂತೂ ಇರಲೇ ಇಲ್ಲ, ಯಾರೋ ಯಾವಾಗಲೋ "ನಮ್ಮ ಬಿಸಿಲಿಗೆ ಇದ್ಯಾಕ್ರಿ" ಅಂತ ತೆಗೆದು ಬಿಸಾಕಿದ್ದರು. ಇದು ನಮ್ಮ ಕಡೆ ದೊಡ್ಡ ರೋಗ. ಅದಿಲ್ಲದಿದ್ದರೆ ಇಂಜಿನ್ ಬೆಳಿಗ್ಗೆ ಬೇಗ ಬಿಸಿಯಾಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಹೊಸದು ತಂದವನೇ ಹಾಲಿನ ಪಾತ್ರೆಯಲ್ಲಿ ನೀರು ಕಾಯಿಸಿ ಥರ್ಮಾಮೀಟರ್ ಇಟ್ಟು ನೋಡಿದೆ, 82ರ ಹತ್ತಿರ ಬಾಯಿ ಬಿಟ್ಟಿತು. ಮನೆಯಲ್ಲಿ ಆ ಪಾತ್ರೆಯನ್ನು ಮತ್ತೆ ಒಳಗೆ ಸೇರಿಸಿಲ್ಲ, ಅದು ಬೇರೆ ವಿಷಯ.

ಕೂಲಂಟ್ ಬೆರೆಸೋಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದೆ, ಅರ್ಧಕ್ಕರ್ಧ. ಹಳೇ ಕೂಲಂಟನ್ನು ಓಣಿಯಲ್ಲಿ ಚೆಲ್ಲಬೇಡಿ. ರುಚಿ ಸಿಹಿ ಅಂತ ನಾಯಿ, ದನ ನೆಕ್ಕುತ್ತವೆ, ಅದು ವಿಷ.

ಒಟ್ಟು ಇಪ್ಪತ್ತು ಸಾವಿರದ ಆಚೀಚೆ ಆಯಿತು, ಅದರಲ್ಲಿ ಕೂಲಿ ಆರು ಸಾವಿರ. ಕ್ಲಚ್ ಪ್ಲೇಟ್ ಅರ್ಧ ಉಳಿದಿತ್ತು, ಅದನ್ನು ಮುಟ್ಟಲಿಲ್ಲ. ಮೊದಲ ಓಡಾಟ ಹಳೇ ಪಿಬಿ (ಪುಣೆ-ಬೆಂಗಳೂರು) ರೋಡಿನಲ್ಲಿ ಉಣಕಲ್, ನವನಗರ ದಾಟಿ ಧಾರವಾಡಕ್ಕೆ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸುಗಳೆಲ್ಲ ನಮ್ಮನ್ನು ಹಿಂದೆ ಹಾಕಿ ಹೋದವು, ನಾನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಅರ್ಧಕ್ಕಿಂತ ಕೆಳಗೇ ನಿಂತಿತ್ತು. 500 ಕಿಲೋಮೀಟರಿಗೆ ಆಯಿಲ್ ಬದಲಿಸಿದೆ, ನೊರೆ ಇಲ್ಲ, ಕೂಲಂಟ್ ಮಟ್ಟ ಇಳಿದಿಲ್ಲ. ಎಸಿ ಗ್ಯಾಸ್ ಇನ್ನೂ ತುಂಬಿಸಿಲ್ಲ, ಅದು ಮುಂದಿನ ತಿಂಗಳ ಸಂಬಳಕ್ಕೆ. ಕಾಕಾ ಮಾತ್ರ ಎಸಿ ಇಲ್ಲದಿದ್ದರೂ ಪರವಾಗಿಲ್ಲ, ಗಾಡಿ ಯಾವಾಗ ಕಳಸ್ತಿ ಅಂತ ಫೋನ್ ಮಾಡ್ತಾನೇ ಇದ್ದಾರೆ.